ಟಂಕಸಾಲೆಯ ತಪ್ಪೋ, ಜೇಬಿನ ಪೆಟ್ಟೋ?

ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ನಮ್ಮ ಕಾಫಿ ಪುಡಿ ಅಂಗಡಿಯ ಗಲ್ಲಾದಲ್ಲಿ ಚಿಲ್ಲರೆಗೆ ಬರವಿಲ್ಲ. ಯಾವ್ಯಾವುದೋ ಜಿಲ್ಲೆಯಿಂದ ಬಂದವರು ಸಾಲು ಮುಗಿಸಿ, ಅರ್ಧ ಕೆಜಿ ಪುಡಿ ಕಟ್ಟಿಸಿಕೊಂಡು, ಜೇಬು ಖಾಲಿ ಮಾಡಿ ಹೋಗುತ್ತಾರೆ. ರಾತ್ರಿ ಶಟರ್ ಎಳೆದ ಮೇಲೆ ಆ ನಾಣ್ಯಗಳನ್ನು ಮೇಜಿನ ಮೇಲೆ ಸುರಿದು ನೋಡುವುದು ನನ್ನ ಹಳೆಯ ಚಟ. ಈ ಚಟ ಊರಿಗೆ ಗೊತ್ತಾದ ಮೇಲೆ ತೋರಿಸಲು ಬರುವವರೂ ಹೆಚ್ಚಾದರು. ಮೊನ್ನೆ ಆಲೂರು ಕಡೆಯ ಹುಡುಗನೊಬ್ಬ ಒಂದು ರೂಪಾಯಿ ನಾಣ್ಯವನ್ನು ಕಾಗದದಲ್ಲಿ ಸುತ್ತಿ ತಂದಿದ್ದ. "ಅಣ್ಣಾ, ಇದು ಅರ್ಧಚಂದ್ರ ಕಚ್ಚಿದಂಗೈತೆ ನೋಡಿ. ಮೊಬೈಲ್ನಾಗೆ ಇಂಥದಕ್ಕೆ ಲಕ್ಷ ಅಂತಾರೆ."

ನೋಡಿದೆ. ಲಕ್ಷವಂತೂ ಇರಲಿಲ್ಲ. ಆದರೆ ಅದು ಟಂಕಸಾಲೆಯಲ್ಲೇ ಆದ ತಪ್ಪೋ, ಯಾರೋ ಅರ ಹಾಕಿ ಉಜ್ಜಿದ್ದೋ ಎಂದು ಹೇಳಲು ಹತ್ತು ನಿಮಿಷ ಬೇಕಾಯಿತು. ಆ ಹತ್ತು ನಿಮಿಷದಲ್ಲಿ ಏನೇನು ನೋಡಿದೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾಣ್ಯ ಹುಟ್ಟುವ ಬಗೆ

ಇದನ್ನು ತಿಳಿಯದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಲೋಹವನ್ನು ಕರಗಿಸಿ, ಉದ್ದನೆಯ ಪಟ್ಟಿಯಾಗಿ ಒತ್ತುತ್ತಾರೆ. ಆ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ, ಚಪಾತಿ ಹಿಟ್ಟನ್ನು ಲಟ್ಟಿಸಿ ಲೋಟದ ಬಾಯಿಂದ ಪೂರಿ ಕತ್ತರಿಸಿದ ಹಾಗೆ. ಬಿಲ್ಲೆಯನ್ನು ಕಾಯಿಸಿ ಮೆದು ಮಾಡಿ, ಸುತ್ತ ಒತ್ತಿ ಅಂಚನ್ನು ಸ್ವಲ್ಪ ಎಬ್ಬಿಸುತ್ತಾರೆ. ಇದನ್ನು ಉಬ್ಬಂಚು ಎನ್ನೋಣ. ಕೊನೆಗೆ ಬಿಲ್ಲೆ ಎರಡು ಅಚ್ಚುಗಳ ನಡುವೆ ಹೋಗುತ್ತದೆ. ಸುತ್ತ ಕಾಲರ್ ಎಂಬ ಉಕ್ಕಿನ ಬಳೆ, ಮೇಲೆ ಒಂದು ಅಚ್ಚು, ಕೆಳಗೆ ಒಂದು. ಟನ್ನುಗಟ್ಟಲೆ ಭಾರದ ಒಂದೇ ಏಟು. ಸಿಂಹವೂ ಬೆಲೆಯೂ ಒಂದೇ ಕ್ಷಣದಲ್ಲಿ ಮೂಡುತ್ತವೆ.

ಹಾಗಾಗಿ ನಾಣ್ಯದ ಬದುಕಿನಲ್ಲಿ ಮೂರೇ ಕಾಲ: ಏಟಿಗೆ ಮೊದಲು, ಏಟಿನ ಹೊತ್ತು, ಏಟಿನ ನಂತರ. ಮೊದಲೆರಡರಲ್ಲಿ ಆದದ್ದು ಟಂಕಸಾಲೆಯ ದೋಷ, ಸಂಗ್ರಹಕಾರರು ಹುಡುಕುವುದು ಅದನ್ನೇ. ಮೂರನೆಯದರಲ್ಲಿ ಆದದ್ದು ಬರೀ ಪೆಟ್ಟು. ನಾಣ್ಯ ಕೈಗೆ ಬಂದಾಗ "ಇದಕ್ಕೆಷ್ಟು ಬರುತ್ತೆ" ಎಂದು ಕೇಳುವುದಕ್ಕಿಂತ ಮೊದಲು "ಇದು ಏಟಿಗೆ ಮೊದಲೋ ಆಮೇಲೋ" ಎಂದು ಕೇಳಿಕೊಳ್ಳಿ.

ತೊಳೆಯಬೇಡಿ

ಮೊದಲ ಹೆಜ್ಜೆ ಏನೂ ಮಾಡದಿರುವುದು. ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್, ಪೀತಾಂಬರಿ ಪುಡಿ ಯಾವುದೂ ಬೇಡ. ದೀಪಾವಳಿಯ ಲಕ್ಷ್ಮಿಪೂಜೆಗೆಂದು ಅಜ್ಜಿ ಪ್ರತಿ ವರ್ಷ ಉಜ್ಜಿ ಬೆಳಗಿದ ಬೆಳ್ಳಿ ರೂಪಾಯಿಗಳು ನಮ್ಮ ಮನೆಯಲ್ಲೂ ಇವೆ. ರಾಜನ ಮುಖದಲ್ಲಿ ಮೂಗಿಲ್ಲ. ಪ್ರೀತಿಯಿಂದ ಆದ ಹಾನಿ, ಅಷ್ಟೇ. ಉಜ್ಜಿದರೆ ಏಟಿನ ಹೊತ್ತಿಗೆ ಲೋಹ ಹರಿದ ಸೂಕ್ಷ್ಮ ಗೆರೆಗಳು ಅಳಿಸಿಹೋಗುತ್ತವೆ. ನಮಗೆ ಸಾಕ್ಷಿ ಹೇಳುವುದು ಆ ಗೆರೆಗಳೇ. ಕುಂಕುಮ, ಎಣ್ಣೆ ಮೆತ್ತಿದ್ದರೆ ಬರೀ ನೀರಲ್ಲಿ ನೆನೆಸಿ, ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಉಜ್ಜುವುದು ಬೇಡ.

ಬಣ್ಣ ನೋಡಿ ಮೋಸಹೋಗುವವರೂ ಇದ್ದಾರೆ. ಅಡಿಕೆ ಸುಲಿಯುವ ಕಾಲದಲ್ಲಿ ಚೊಗರು ಹತ್ತಿದ ಕೈಗಳಿಂದ ಬಂದ ನಾಣ್ಯಗಳು ಕಂದುಗಪ್ಪಾಗಿರುತ್ತವೆ. "ಇದು ತಾಮ್ರದ ಎರಡು ರೂಪಾಯಿ" ಎಂದು ಒಬ್ಬರು ತಂದಿದ್ದರು. ಮೂಲೆಯಲ್ಲಿ ಒದ್ದೆ ಬಟ್ಟೆ ಒತ್ತಿದ್ದೇ ತಡ, ತಾಮ್ರ ಬಟ್ಟೆಗೆ ಬಂತು. ಚಿನ್ನದ ನೀರು ಕುಡಿಸಿದ ಐದು ರೂಪಾಯಿಯದೂ ಇದೇ ಜಾತಿ. ಅದು ಆಚಾರ್ರ ಕೆಲಸ, ಟಂಕಸಾಲೆಯದಲ್ಲ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಸಾಕು, ಆಚಾರ್ರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ಅದಕ್ಕಿಂತ ಹೆಚ್ಚು ದೊಡ್ಡದಾಗಿ ನೋಡಿದರೆ ಎಲ್ಲ ನಾಣ್ಯದಲ್ಲೂ ದೋಷ ಕಾಣಲು ಶುರುವಾಗುತ್ತದೆ. 0.01 ಗ್ರಾಂ ವರೆಗೆ ತೋರಿಸುವ ಜೇಬು ತಕ್ಕಡಿ ಬೇಕೇ ಬೇಕು. ನಾನು ಮೊದಮೊದಲು ಅಂಗಡಿಯ ತಕ್ಕಡಿಯಲ್ಲೇ ತೂಗಲು ಹೋಗಿದ್ದೆ. ಚಿಕೋರಿ ತೂಗುವ ಯಂತ್ರಕ್ಕೆ ನಾಲ್ಕು ಗ್ರಾಂ ನಾಣ್ಯ ಇದೆಯೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ಒಂದು ಅಯಸ್ಕಾಂತ, ಅಗಲ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳಿ.

ಇನ್ನು ಬೆಳಕು. ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಸಪಾಟಾಗಿ ಕಾಣುತ್ತದೆ. ಒಂದೇ ಬಲ್ಬು ಪಕ್ಕದಿಂದ ಬೀಳಬೇಕು, ಆಗ ಉಬ್ಬಿಗೂ ತಗ್ಗಿಗೂ ನೆರಳು ಬರುತ್ತದೆ. ನನಗಂತೂ ಬೆಳಿಗ್ಗೆ ಎಂಟರ ಬಿಸಿಲು ಅಂಗಡಿಯ ಹೊಸ್ತಿಲಿಗೆ ಬೀಳುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ದುಡ್ಡು ಕೊಟ್ಟು ತರುವಂಥದ್ದಲ್ಲ: ಅದೇ ಬೆಲೆಯ, ಅದೇ ವರ್ಷದ, ಅದೇ ಟಂಕಸಾಲೆಯ ಇನ್ನೊಂದು ಸಾಮಾನ್ಯ ನಾಣ್ಯ. ಸರಿಯಾದದ್ದು ಹೇಗಿರುತ್ತದೆಂದು ನೋಡದೆ ತಪ್ಪು ಯಾವುದೆಂದು ಹೇಳಲಾಗದು. ಟಂಕಸಾಲೆಯ ಗುರುತು ಸಾಮಾನ್ಯವಾಗಿ ವರ್ಷದ ಕೆಳಗೆ ಇರುತ್ತದೆ. ಮುಂಬೈಗೆ ವಜ್ರದಾಕಾರ, ಹೈದರಾಬಾದಿಗೆ ನಕ್ಷತ್ರ, ನೊಯ್ಡಾಗೆ ದುಂಡು ಚುಕ್ಕೆ, ಕೋಲ್ಕತ್ತಕ್ಕೆ ಏನೂ ಇಲ್ಲ. ಈ "ಏನೂ ಇಲ್ಲ" ಎಂಬುದು ಗೊತ್ತಿಲ್ಲದೆ "ಗುರುತೇ ಬಿಟ್ಟುಹೋಗಿದೆ, ಅಪರೂಪ" ಎಂದು ತರುವವರು ವಾರಕ್ಕೊಬ್ಬರು. 1985ರ ರೂಪಾಯಿಯಲ್ಲಿ ಇಂಗ್ಲಿಷಿನ ‘ಎಚ್’ ಕಂಡರೂ ಗಾಬರಿ ಬೇಡ. ಆಗ ನಾಣ್ಯದ ಕೊರತೆ ತುಂಬಲು ಹೊರದೇಶದಲ್ಲೂ ಟಂಕಿಸಿ ತರಿಸಿದ್ದರು, ಅದು ಬರ್ಮಿಂಗ್‌ಹ್ಯಾಮಿನ ಗುರುತು.

ತೂಕ ಮತ್ತು ಅಯಸ್ಕಾಂತ

ನೋಡುವ ಮೊದಲೇ ತೂಗಿ. ತೂಕ ಆಸೆಬುರುಕತನ ಮಾಡುವುದಿಲ್ಲ. ನನ್ನ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡ ಲೆಕ್ಕ ಹೀಗಿದೆ. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿ 4.85 ಗ್ರಾಂ, 25 ಮಿ.ಮೀ. ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿ 6 ಗ್ರಾಂ. ದಪ್ಪನೆಯ ಹಳೆಯ ಐದು ರೂಪಾಯಿ 9 ಗ್ರಾಂ, 23 ಮಿ.ಮೀ. ಎರಡು ಲೋಹದ ಹತ್ತು ರೂಪಾಯಿ 7.71 ಗ್ರಾಂ, 27 ಮಿ.ಮೀ. ಉಕ್ಕಿನ ನಾಲ್ಕಾಣೆ, ಅಂದರೆ 25 ಪೈಸೆ, 2.83 ಗ್ರಾಂ. ಹತ್ತಾರು ವರ್ಷ ಕೈ ಬದಲಾಯಿಸಿದ ನಾಣ್ಯ ಸವೆದು ಸ್ವಲ್ಪ ಕಡಿಮೆ ತೂಗಬಹುದು. ಆದರೆ ಅರ್ಧ ಗ್ರಾಂ ಕಡಿಮೆಯಾದರೆ ಲೋಹ ಎಲ್ಲೋ ಹೋಗಿದೆ, ಎಲ್ಲಿಗೆ ಎಂದು ಹುಡುಕಬೇಕು.

ತಪ್ಪು ಬಿಲ್ಲೆಯ ಮೇಲೆ ಬಿದ್ದ ಏಟು ನಿಜವಾದ, ಬೆಲೆಬಾಳುವ ದೋಷ. ಐದು ರೂಪಾಯಿಯ ಅಚ್ಚಿಗೆ ಒಂದು ರೂಪಾಯಿಯ ಬಿಲ್ಲೆ ಸಿಕ್ಕಿದರೆ ತೂಕ, ಅಗಲ, ಅಯಸ್ಕಾಂತ ಮೂರೂ ಬೇರೆ ಕಥೆ ಹೇಳುತ್ತವೆ. ತಾಮ್ರ-ನಿಕಲ್ ಬೆರಕೆಯ ಹಳೆಯ ಐದು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಉಕ್ಕಿನದು ಅಂಟುತ್ತದೆ. ಆದರೆ ಇಲ್ಲೊಂದು ಹಳ್ಳವಿದೆ. ಸುಮಾರು 2007ರ ಹೊತ್ತಿಗೆ ಐದು ರೂಪಾಯಿಯನ್ನೇ 6 ಗ್ರಾಂ ತೂಕದ ಉಕ್ಕಿನಲ್ಲಿ ತಂದರು, ಆಮೇಲೆ ಅದೇ ತೂಕದ ಹಳದಿ ಹಿತ್ತಾಳೆ ಬಣ್ಣದ್ದು ಬಂತು. ಉಕ್ಕಿನ ಐದು ಸಿಕ್ಕಿದ ಕೂಡಲೇ ತಪ್ಪು ಬಿಲ್ಲೆ ಎಂದು ಕುಣಿಯುವ ಮೊದಲು ವರ್ಷ, ವಿನ್ಯಾಸ ನೋಡಿ.

ಇನ್ನೊಂದು ತಮಾಷೆ. 2011ರ ಸರಣಿಯ ಎರಡು ರೂಪಾಯಿ 25 ಮಿ.ಮೀ., 4.85 ಗ್ರಾಂ, ಅಂದರೆ 1992ರ ಒಂದು ರೂಪಾಯಿಯ ತದ್ರೂಪು ಅಳತೆ. ಅದೇ ಸರಣಿಯ ಒಂದು ರೂಪಾಯಿ ಹಳೆಯ ಉಕ್ಕಿನ ಐವತ್ತು ಪೈಸೆಯಷ್ಟೇ ತೂಗುತ್ತದೆ, 3.79 ಗ್ರಾಂ. ಕಣ್ಣು ಕಾಣದವರು, ವಯಸ್ಸಾದವರು ಬಸ್ಸಲ್ಲಿ ಪಟ್ಟ ಪಾಡು ಅಷ್ಟಿಷ್ಟಲ್ಲ. ನಮ್ಮ ಕೆಲಸಕ್ಕೆ ಬರುವುದಾದರೆ, ಈ ಜೋಡಿಗಳಲ್ಲಿ ಒಂದರ ಬಿಲ್ಲೆ ಇನ್ನೊಂದಕ್ಕೆ ಹೋದರೂ ತಕ್ಕಡಿ ಹೇಳಲಾರದು.

ಉಬ್ಬೋ, ತಗ್ಗೋ

ಈಗ ಭೂತಗನ್ನಡಿ ತೆಗೆಯಿರಿ. ಎಲ್ಲೋ ಒಂದು ಗೆರೆ ಕಾಣುತ್ತಿದೆ ಎನ್ನಿ. ಪಕ್ಕದ ಬೆಳಕಲ್ಲಿ ನಾಣ್ಯವನ್ನು ನಿಧಾನವಾಗಿ ತಿರುಗಿಸಿ, ಗೆರೆ ನೆಲದಿಂದ ಎದ್ದಿದೆಯೋ, ನೆಲದೊಳಗೆ ಇಳಿದಿದೆಯೋ ನೋಡಿ.

ಅಚ್ಚಿನಲ್ಲಿ ಬಿರುಕು ಬಿಟ್ಟರೆ ಆ ಬಿರುಕಿನೊಳಗೆ ಲೋಹ ಹರಿದು ನಾಣ್ಯದ ಮೇಲೆ ಎದ್ದ ಗೆರೆಯಾಗುತ್ತದೆ. ಇಡ್ಲಿ ತಟ್ಟೆಯಲ್ಲಿ ಗುಂಡಿ ಇದ್ದರೆ ಇಡ್ಲಿಯಲ್ಲಿ ಗುಬಟು ಬರುವ ಹಾಗೆ. ಅಚ್ಚಿನ ಅಂಚೇ ಒಡೆದು ಬಿದ್ದರೆ ಆ ಜಾಗದಲ್ಲಿ ಉಬ್ಬಂಚನ್ನು ಸೇರಿಕೊಂಡು ವಿನ್ಯಾಸವಿಲ್ಲದ ಬೋಳು ದಿಬ್ಬ ಏಳುತ್ತದೆ. ಇದು ಒಳ್ಳೆಯ ದೋಷ. ಅದರ ನೇರ ಹಿಂಬದಿಯಲ್ಲಿ ವಿನ್ಯಾಸ ಮಂಕಾಗಿದ್ದರೆ ಇನ್ನೂ ಧೈರ್ಯ ಬರುತ್ತದೆ. ಲೋಹವೆಲ್ಲ ಒಡೆದ ಜಾಗಕ್ಕೆ ಹರಿದುಹೋಗಿ ಆಚೆ ಬದಿಗೆ ಸಾಲದೇ ಬಂದಿರುತ್ತದೆ. ತಗ್ಗಾದ ಗೆರೆಯೋ, ಹೆಚ್ಚುಪಾಲು ಗೀರು: ಕೀಲಿಕೈ, ಮೊಳೆ, ಸಿಮೆಂಟು ನೆಲ. ಗೀರಿನ ಎರಡೂ ದಡದಲ್ಲಿ ಲೋಹ ಸಣ್ಣಗೆ ಎದ್ದಿರುತ್ತದೆ, ನೇಗಿಲು ಸಾಲು ಹೊಡೆದಂತೆ.

ಆದರೆ ತಗ್ಗಾದದ್ದೆಲ್ಲ ಪೆಟ್ಟಲ್ಲ. ಅಚ್ಚು ಮತ್ತು ಬಿಲ್ಲೆಯ ನಡುವೆ ದಾರವೋ, ಲೋಹದ ಚೂರೋ ಸಿಕ್ಕಿಕೊಂಡು ಏಟು ಬಿದ್ದರೆ ಅದರ ರೂಪ ತಗ್ಗಾಗಿ ಉಳಿಯುತ್ತದೆ. ಆಗ ತಗ್ಗಿನ ದಡ ಸಮನಾಗಿರುತ್ತದೆ, ಲೋಹ ಎದ್ದಿರುವುದಿಲ್ಲ. ಅಚ್ಚಿನ ಗುಂಡಿಯಲ್ಲಿ ಎಣ್ಣೆ-ಜಿಡ್ಡು ತುಂಬಿಕೊಂಡರೆ ಅಕ್ಷರವೇ ಮೂಡದೆ ಹೋಗುತ್ತದೆ, 1994 ಎಂಬುದು 199 ಆಗುತ್ತದೆ. ಇದನ್ನೇ ನಕಲು ಮಾಡಲು ಅಂಕೆ ಕೆರೆಯುವವರಿದ್ದಾರೆ, ಮುಂಬೈ ವಜ್ರ ಕೆರೆದು ಕೋಲ್ಕತ್ತ ಮಾಡುವವರೂ ಇದ್ದಾರೆ. ಜಿಡ್ಡಿನಿಂದ ಅಳಿದ ಜಾಗದ ಮೈ ಸುತ್ತಲಿನ ಮೈಯಂತೆಯೇ ಇರುತ್ತದೆ, ಕೆಲವೊಮ್ಮೆ ಅಂಕೆಯ ಛಾಯೆಯೂ ಇರುತ್ತದೆ. ಕೆರೆದ ಜಾಗ ಸ್ವಲ್ಪ ಕುಳಿಬಿದ್ದು ಬೇರೆ ಥರ ಹೊಳೆಯುತ್ತದೆ. ಬಾಣಲೆಯ ಸೀಕು ಕೆರೆದವರಿಗೆ ಈ ಹೊಳಪು ಗೊತ್ತೇ ಇರುತ್ತದೆ.

ಕಚ್ಚಿದ ನಾಣ್ಯ

ಆಲೂರಿನ ಹುಡುಗನ ವಿಷಯಕ್ಕೆ ಬರುತ್ತೇನೆ. ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸಾಕಷ್ಟು ಮುಂದೆ ಸರಿಯದಿದ್ದರೆ, ಹೊಸ ಬಿಲ್ಲೆ ಹಿಂದಿನ ತೂತಿನ ಮೇಲೆ ಹತ್ತಿಕೊಳ್ಳುತ್ತದೆ. ಅರ್ಧಚಂದ್ರದ ಕಚ್ಚು ಬರುವುದು ಹೀಗೆ. ಪಟ್ಟಿಯ ತುದಿಯಲ್ಲಿ ಕತ್ತರಿಸಿದರೆ ನೇರ ಕಚ್ಚು. ಎರಡೂ ಏಟಿಗೆ ಮೊದಲೇ ಆದದ್ದು. ಅದನ್ನು ಸಾಬೀತು ಮಾಡುವುದು ಹೇಗೆ?

ಕಚ್ಚಿನ ನೇರ ಎದುರು ತುದಿಯನ್ನು ನೋಡಿ, ಕಚ್ಚು ಗಡಿಯಾರದ ಮೂರಕ್ಕಿದ್ದರೆ ಒಂಬತ್ತನ್ನು. ಉಬ್ಬಂಚು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡೂ ಕಡೆಯಿಂದ ಒತ್ತಿ ಉರುಳಿಸುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೂ ಒತ್ತಡ ಬೀಳುವುದಿಲ್ಲ. ಹಾಗಾಗಿ ನಿಜವಾದ ಕಚ್ಚಿನ ಎದುರಿಗೆ ಉಬ್ಬಂಚು ಮಂಕಾಗಿ, ಕೆಲವೊಮ್ಮೆ ಇಲ್ಲವೇ ಇಲ್ಲದಂತೆ ಇರುತ್ತದೆ. ಎಲ್ಲ ಕಚ್ಚಿನಲ್ಲೂ ಇದು ಕಾಣುತ್ತದೆಂದಲ್ಲ, ಕಚ್ಚು ತೀರ ಚಿಕ್ಕದಾದರೆ ಕಾಣದೆ ಹೋಗಬಹುದು. ಆದರೆ ಕಂಡರೆ ಬಲವಾದ ಸಾಕ್ಷಿ, ಏಕೆಂದರೆ ಅರ ಹಿಡಿದವನಿಗೆ ಎದುರು ತುದಿಯ ನೆನಪೇ ಇರುವುದಿಲ್ಲ.

ಆಮೇಲೆ ಕಚ್ಚಿನ ಪಕ್ಕದ ಅಕ್ಷರಗಳು. ನಿಜವಾದದ್ದರಲ್ಲಿ ಏಟು ಬಿದ್ದಾಗ ಲೋಹ ಖಾಲಿ ಜಾಗದತ್ತ ಹರಿದಿರುತ್ತದೆ. ಅಕ್ಷರ ಸ್ವಲ್ಪ ಹಿಗ್ಗಿ, ಮಂಕಾಗಿ, ಕಚ್ಚಿನ ಕಡೆ ಇಳಿದಿರುತ್ತದೆ. ಉಬ್ಬಂಚೂ ಎರಡು ಕಡೆಯಿಂದ ನಿಧಾನವಾಗಿ ಸಣ್ಣಗಾಗುತ್ತಾ ಬರುತ್ತದೆ. ಅರ ಹಾಕಿದ್ದರಲ್ಲಿ ಅಕ್ಷರ ಚಾಕುವಿನಿಂದ ಕತ್ತರಿಸಿದಂತೆ ಥಟ್ಟನೆ ನಿಲ್ಲುತ್ತದೆ, ಮಗ್ಗುಲಲ್ಲಿ ಒಂದೇ ದಿಕ್ಕಿನ ಸಣ್ಣ ಗೆರೆಗಳಿರುತ್ತವೆ.

ಈ ಪಾಠಕ್ಕೆ ನಾನು ಫೀಸು ಕಟ್ಟಿದ್ದೇನೆ. ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ ಆರುನೂರು ರೂಪಾಯಿ ಕೊಟ್ಟು ಕಚ್ಚಿದ ಐವತ್ತು ಪೈಸೆ ತಂದೆ. ಬಸ್ಸಲ್ಲಿ ಚನ್ನರಾಯಪಟ್ಟಣ ಬರುವಷ್ಟರಲ್ಲಿ ನಾಲ್ಕು ಸಲ ತೆಗೆದು ನೋಡಿದ್ದೆ, ನಾಲ್ಕು ಸಲವೂ ಕಚ್ಚನ್ನೇ. ಎದುರು ಅಂಚು ನೋಡಿದ್ದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ. ಗಟ್ಟಿಯಾಗಿ, ದುಂಡಗೆ, ಬಲು ಚೆನ್ನಾಗಿತ್ತು ಆ ಅಂಚು.

ಹುಡುಗನದು ನಿಜವಾದ ಕಚ್ಚೇ ಆಗಿತ್ತು. ತೂಕ 4.6ರ ಆಸುಪಾಸು, ಎದುರು ಅಂಚು ಸೊರಗಿತ್ತು. ಲಕ್ಷದ ಮಾತು ಬಿಡಿಸಲು ಮಾತ್ರ ಒಂದು ಲೋಟ ಕಾಫಿ ಖರ್ಚಾಯಿತು.

ಜಾರಿದ ಏಟು, ಚಪ್ಪಟೆಯಾದ ಕಾಸು

ಬಿಲ್ಲೆ ಅಚ್ಚಿನ ನಡುವೆ ಸರಿಯಾಗಿ ಕೂರದೆ ಏಟು ಬಿದ್ದರೆ ವಿನ್ಯಾಸ ಒಂದು ಕಡೆ ಜಾರಿ, ಇನ್ನೊಂದು ಕಡೆ ಬೋಳು ಲೋಹ ಉಳಿಯುತ್ತದೆ. ಇದು ಎರಡೂ ಬದಿಯಲ್ಲಿ ಕಾಣಬೇಕು. ಒಂದೇ ಬದಿ ಜಾರಿ ಇನ್ನೊಂದು ಸರಿಯಾಗಿದ್ದರೆ ಆ ಬದಿಯ ಅಚ್ಚು ಮಾತ್ರ ಸರಿದಿತ್ತೆಂದು ಅರ್ಥ. ಅದೂ ದೋಷವೇ, ಬೆಲೆ ಕಡಿಮೆ. ಕೊಳ್ಳುವವರು ವರ್ಷ ಪೂರ್ತಿ ಓದಲು ಬರುವ ಜಾರಿದ ನಾಣ್ಯವನ್ನು ಇಷ್ಟಪಡುತ್ತಾರೆ.

ಕಾಲರ್ ಬಳೆ ಕೆಲಸ ಮಾಡದಿದ್ದರೆ ಲೋಹ ಹೊರಗೆ ಹರಡಿ ನಾಣ್ಯ ಅಗಲವಾಗುತ್ತದೆ, ಉಬ್ಬಂಚು ಇರುವುದಿಲ್ಲ. ಇದರ ಹೆಸರಲ್ಲಿ ಬರುವುದು ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ಕಾಸು. ಕಾಲರ್ ತಪ್ಪಿದ ನಾಣ್ಯದಲ್ಲಿ ನಡುವಿನ ಸಿಂಹ ಚೂಪಾಗಿಯೇ ಇರುತ್ತದೆ, ಹರಡುವುದು ಅಂಚಿನ ಕಡೆ ಮಾತ್ರ. ಹಳಿಯದ್ದರಲ್ಲಿ ಇಡೀ ಮುಖವೇ ಒಂದು ದಿಕ್ಕಿಗೆ ಒರೆಸಿಕೊಂಡು ಮೊಟ್ಟೆಯಾಕಾರವಾಗಿರುತ್ತದೆ. ಎರಡೂ ತೂಕದಲ್ಲಿ ಸರಿಯಾಗಿಯೇ ಇರುತ್ತವೆ, ಇಲ್ಲಿ ತಕ್ಕಡಿಯನ್ನು ನಂಬಿ ಕೂರಬೇಡಿ.

ಅಂಚು ಒಳಗೆ ಮಡಿಸಿಕೊಂಡು ದಪ್ಪವಾದ ನಾಣ್ಯಗಳದು ಬೇರೆ ಕಥೆ. ನಮ್ಮ ಅಂಗಡಿಯ ಪುಡಿ ಮಾಡುವ ಯಂತ್ರದೊಳಗೆ ಒಮ್ಮೆ ಒಂದು ರೂಪಾಯಿ ಬಿದ್ದುಹೋಗಿತ್ತು. ಸದ್ದು ಕೇಳಿ ನಿಲ್ಲಿಸುವಷ್ಟರಲ್ಲಿ ಅಂಚು ಸುರುಳಿಯಾಗಿ, ಅಕ್ಷರಗಳೆಲ್ಲ ಒಳಗೆ ಸರಿದು, ಥೇಟ್ ಟಂಕಸಾಲೆಯ ವಿಚಿತ್ರದಂತೆ ಕಾಣುತ್ತಿತ್ತು. ಆ ನಾಣ್ಯವನ್ನು ಇಟ್ಟುಕೊಂಡಿದ್ದೇನೆ. ಅಂಥದ್ದನ್ನು ಯಾರಾದರೂ ತಂದರೆ ಮಾತಾಡದೆ ಪಕ್ಕದಲ್ಲಿ ಇಡುತ್ತೇನೆ.

ಲಖಿ ನಾಣ್ಯ

ನಾಣ್ಯದವರ ಬಾಯಲ್ಲಿ ಲಖಿ ಎಂದು ಕರೆಸಿಕೊಳ್ಳುವ ಈ ದೋಷ ನನಗೆ ಎಲ್ಲಕ್ಕಿಂತ ಪ್ರಿಯ. ಏಟು ಬಿದ್ದ ನಾಣ್ಯ ಹೊರಗೆ ಬೀಳದೆ ಅಚ್ಚಿಗೇ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆ ಬಂದಾಗ ಅದರ ಒಂದು ಬದಿಗೆ ಅಚ್ಚಿನ ಬದಲು ಹಿಂದಿನ ನಾಣ್ಯದ ಮುಖವೇ ಒತ್ತುತ್ತದೆ. ಒಂದು ಕಡೆ ಸರಿಯಾದ ಸಿಂಹ, ಇನ್ನೊಂದು ಕಡೆ ಅದೇ ಸಿಂಹ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ.

ಇದನ್ನು ನಕಲು ಮಾಡುವುದು ಸುಲಭ. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಬೆಂಚ್ ವೈಸಿನಲ್ಲಿ ಬಿಗಿದರೆ, ಇಲ್ಲವೇ ಸುತ್ತಿಗೆಯಲ್ಲಿ ಬಡಿದರೆ ಒಂದರ ಗುರುತು ಇನ್ನೊಂದಕ್ಕೆ ತಿರುವುಮುರುವಾಗಿ ಬರುತ್ತದೆ. ಪತ್ತೆ ಹಚ್ಚಲು ಮೊದಲು ಆಚೆ ಬದಿ ನೋಡಿ. ನಿಜವಾದ ಲಖಿಯಲ್ಲಿ ಆಚೆ ಬದಿ ಅಚ್ಚಿನಿಂದಲೇ ಬಂದದ್ದು, ಚೂಪಾಗಿರುತ್ತದೆ. ವೈಸಿನಲ್ಲಿ ಬಿಗಿದದ್ದರ ಆಚೆ ಬದಿ ಕಬ್ಬಿಣಕ್ಕೆ ಒತ್ತಿ ಚಪ್ಪಟೆಯಾಗಿರುತ್ತದೆ. ಆಮೇಲೆ ತಗ್ಗಾದ ಚಿತ್ರದ ಸುತ್ತ ನೋಡಿ. ನಕಲಿಯಲ್ಲಿ ಅಲ್ಲಿ ಮೊದಲೇ ಇದ್ದ ಅಂಕೆ, ತೆನೆ, ಅಕ್ಷರಗಳ ಅವಶೇಷ ಉಳಿದಿರುತ್ತದೆ. ನಿಜವಾದದ್ದರಲ್ಲಿ ಆ ಬದಿಗೆ ಅಚ್ಚು ತಾಕಿಯೇ ಇಲ್ಲ, ಅವಶೇಷ ಎಲ್ಲಿಂದ ಬರಬೇಕು?

ಎರಡೂ ಕಡೆ ಸಿಂಹವಿರುವ, ಸಿನಿಮಾದಲ್ಲಿ ಟಾಸ್ ಹಾಕುವಂಥ ನಾಣ್ಯ ಸಿಕ್ಕಿದರೆ ಉಬ್ಬಂಚಿನ ಒಳಬದಿಯಲ್ಲಿ ಸುತ್ತ ಕೂದಲೆಳೆಯಷ್ಟು ಸಂದಿ ಹುಡುಕಿ. ಒಂದನ್ನು ಕೊರೆದು, ಇನ್ನೊಂದನ್ನು ತೇದು ಒಳಗೆ ಕೂರಿಸಿರುತ್ತಾರೆ. ಕಲ್ಲಿನ ಮೇಲೆ ಬೀಳಿಸಿದರೆ ಠಣ್ ಎನ್ನದೆ ಟಕ್ ಎನ್ನುತ್ತದೆ.

ಜೋಡಿ ಅಕ್ಷರ: ಇಲ್ಲಿ ಎಲ್ಲರೂ ಎಡವುತ್ತಾರೆ

ವರ್ಷದ ಅಂಕೆ ಎರಡೆರಡಾಗಿ ಕಾಣುವ ನಾಣ್ಯಗಳು ಬೇಕಾದಷ್ಟಿವೆ. ಅಚ್ಚನ್ನೇ ತಯಾರಿಸುವಾಗ ಮೂಲ ಅಚ್ಚಿನಿಂದ ಎರಡು ಸಲ ಒತ್ತಿ ಎರಡನೆಯದು ಸ್ವಲ್ಪ ಸರಿದಿದ್ದರೆ, ಆ ಅಚ್ಚಿನಿಂದ ಬಂದ ಎಲ್ಲ ನಾಣ್ಯದಲ್ಲೂ ಜೋಡಿ ಇರುತ್ತದೆ. ಇದು ಬೆಲೆಯುಳ್ಳದ್ದು. ಎರಡು ರೂಪವೂ ದುಂಡಗಿದ್ದು, ಅಕ್ಷರ ಒಟ್ಟಾರೆ ದಪ್ಪವಾಗಿರುತ್ತದೆ, ಮೂಲೆಗಳಲ್ಲಿ ಸಣ್ಣ ಕವಲು ಕಾಣುತ್ತದೆ.

ಸಾಮಾನ್ಯವಾಗಿ ಸಿಗುವುದು ಇದಲ್ಲ. ಏಟು ಬಿದ್ದ ತಕ್ಷಣ ಸಡಿಲವಾದ ಅಚ್ಚು ಅಲುಗಿ ಆಗತಾನೆ ಮೂಡಿದ ಅಕ್ಷರವನ್ನು ಒರೆಸಿಬಿಡುತ್ತದೆ. ಅಕ್ಷರದ ಪಕ್ಕದಲ್ಲಿ ಚಪ್ಪಟೆಯಾದ, ಹೊಳೆಯುವ ಮೆಟ್ಟಿಲು ಉಳಿಯುತ್ತದೆ. ಆ ಮೆಟ್ಟಿಲು ಅಕ್ಷರದ್ದೇ ಮೈ ಕಿತ್ತುಕೊಂಡು ಆದದ್ದು, ಹಾಗಾಗಿ ಅಕ್ಷರ ತೆಳ್ಳಗಾಗಿರುತ್ತದೆ. ದಪ್ಪವಾಗಿದ್ದರೆ ಆಸೆ ಇಟ್ಟುಕೊಳ್ಳಿ, ತೆಳ್ಳಗಾಗಿದ್ದರೆ ಗಲ್ಲಾಕ್ಕೆ ಹಾಕಿ. ಟಂಕಸಾಲೆಯಲ್ಲೇ ಆದದ್ದು ಹೌದು, ಆದರೆ ಇದಕ್ಕೆ ಯಾರೂ ಹೆಚ್ಚಿಗೆ ಕೊಡುವುದಿಲ್ಲ. ಕೊಡಬಾರದು ಎಂಬುದೇ ನನ್ನ ಅಭಿಪ್ರಾಯ.

ತಿರುಗಿದ ಅಚ್ಚು ಸುಲಭ. ನಮ್ಮ ನಾಣ್ಯಗಳಲ್ಲಿ ಸಿಂಹವನ್ನು ನೆಟ್ಟಗೆ ಹಿಡಿದು, ಪುಸ್ತಕದ ಹಾಳೆ ಮಗುಚಿದಂತೆ ಪಕ್ಕಕ್ಕೆ ತಿರುಗಿಸಿದರೆ ಬೆಲೆಯೂ ನೆಟ್ಟಗೇ ಇರಬೇಕು. ಓರೆಯಾಗಿದ್ದರೆ ಅಚ್ಚು ತಿರುಗಿದೆ. ಹೊರಗಿನ ಪೆಟ್ಟಿನಿಂದ ಹೀಗಾಗಲು ಸಾಧ್ಯವೇ ಇಲ್ಲ, ಅದಕ್ಕೇ ಹೊಸಬರಿಗೆ ಇದು ಒಳ್ಳೆಯ ಆರಂಭ. ಅಷ್ಟಿಷ್ಟು ಓರೆಗೆ ಬೆಲೆಯಿಲ್ಲ. ಕಾಲು ಸುತ್ತೋ ಅರ್ಧ ಸುತ್ತೋ ತಿರುಗಿದ್ದರೆ ಎತ್ತಿಡಿ.

ಹತ್ತು ರೂಪಾಯಿ

ಹತ್ತರ ನಾಣ್ಯವನ್ನು ನಮ್ಮ ಕಡೆ ಅಂಗಡಿಯವರು ಬೇಡ ಎನ್ನುತ್ತಿದ್ದ ಕಾಲ ನೆನಪಿರಬೇಕು. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಎಂದು ಸುದ್ದಿ ಹಬ್ಬಿತ್ತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಯವರೆಗೆ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ಹೇಳಬೇಕಾಯಿತು. ವಿನ್ಯಾಸ ಬೇರೆಯಾದದ್ದು ದೋಷವಲ್ಲ. 2005-06ರ ಎರಡು ರೂಪಾಯಿಯಲ್ಲಿ ಶಿಲುಬೆಯಂತೆ ಕಂಡ ಗೆರೆಗಳೂ ವಿನ್ಯಾಸವೇ, ವೈಷ್ಣೋದೇವಿಯ ಚಿತ್ರವಿರುವ 2012ರ ನಾಣ್ಯವೂ ಹಾಗೆಯೇ.

ಹತ್ತರಲ್ಲಿ ನಿಜವಾದ ದೋಷವೆಂದರೆ ನಡುವಿನ ಬಿಲ್ಲೆ ಹೊರಬಳೆಯಲ್ಲಿ ಸರಿಯಾಗಿ ಕೂರದೆ ಒಂದು ಕಡೆ ವಾಲಿಕೊಂಡು ಏಟು ಬಿದ್ದದ್ದು, ಅಥವಾ ನಡುವಿನ ಬಿಲ್ಲೆಯೇ ಇಲ್ಲದೆ ಏಟು ಬಿದ್ದದ್ದು. ಎರಡನೆಯದರಲ್ಲಿ ಹೊರಬಳೆಯ ಲೋಹ ತೂತಿನ ಕಡೆಗೆ ಹರಿದು ಒಳಅಂಚು ಚೂಪು ಕಳೆದುಕೊಂಡಿರುತ್ತದೆ. ಆಮೇಲೆ ಬಡಿದು ಬಿಲ್ಲೆ ಬೀಳಿಸಿದ್ದರೆ ತೂತು ಅಚ್ಚುಕಟ್ಟಾಗಿ, ಒಳಗೋಡೆಯಲ್ಲಿ ಎಳೆದ ಗೀರುಗಳೊಂದಿಗೆ ಇರುತ್ತದೆ. ಕೆಲವರು ಬಿಲ್ಲೆ ತೆಗೆದು, ತಿರುಗಿಸಿ, ಮತ್ತೆ ಒತ್ತಿ ಕೂರಿಸುತ್ತಾರೆ. ಹಿಡಿಯುವುದು ಬಲು ಸುಲಭ. ಒಂದು ಬದಿಯ ನಡುಭಾಗ, ಹೊರಬಳೆ ಎರಡಕ್ಕೂ ಒಂದೇ ಅಚ್ಚು. ಸಿಂಹ ಓರೆಯಾಗಿ, ಸುತ್ತಲಿನ ‘ಭಾರತ’ ನೆಟ್ಟಗಿದ್ದರೆ ಅದು ಏಟಿನ ನಂತರ ತಿರುಗಿದ್ದು. ಅಚ್ಚೇ ತಿರುಗಿದ್ದರೆ ಸಿಂಹದ ಜೊತೆ ಅಕ್ಷರಗಳೂ ತಿರುಗಬೇಕಿತ್ತು.

ಕೈಯಲ್ಲಿ ಬಡಿದ ಹಳೆಯ ಕಾಸುಗಳು

ಇಷ್ಟು ಹೇಳಿದ್ದೆಲ್ಲ ಯಂತ್ರದ ನಾಣ್ಯಕ್ಕೆ. ಸಕಲೇಶಪುರ, ಮೂಡಿಗೆರೆ ಕಡೆಯ ಹಳೆಯ ಮನೆಗಳಲ್ಲಿ ಟಿಪ್ಪುವಿನ ಆನೆ ಕಾಸು ಸಿಗುತ್ತದೆ. ಆನೆಯ ಸೊಂಡಿಲು ಹೊರಗೆ ಹೋಗಿದೆ, ಅಂಚು ಒಡೆದಿದೆ, ಇದು ದೋಷದ ನಾಣ್ಯ ಎನ್ನುತ್ತಾರೆ. ಕೈಯಲ್ಲಿ ಅಚ್ಚಿಟ್ಟು ಸುತ್ತಿಗೆಯಲ್ಲಿ ಬಡಿದ ಕಾಸಿನಲ್ಲಿ ಚಿತ್ರ ಪೂರ್ತಿ ಬಿದ್ದಿದ್ದರೆ ಅದೇ ಅಪರೂಪ. ಟಿಪ್ಪುವಿನ ಮೌಲೂದಿ ಶಕೆಯ ವರ್ಷವನ್ನು 1215ರಿಂದ ಮುಂದೆ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆದು ಒತ್ತಿದ್ದಾರೆ. ಅದನ್ನು ತಿರುವುಮುರುವು ಅಂಕೆಯ ತಪ್ಪು ಎಂದು ಮಾರಲು ಬಂದವರನ್ನು ನೋಡಿದ್ದೇನೆ. ವಿಷ್ಣುವರ್ಧನನ ‘ಶ್ರೀ ತಳಕಾಡುಗೊಂಡ’ ಎಂಬ ಬರಹದ ಚಿನ್ನದ ನಾಣ್ಯಗಳಲ್ಲೂ ಅಕ್ಷರ ಅಂಚಿನಾಚೆ ಹೋಗುವುದುಂಟು.

ಹಳೇಬೀಡು, ಬೇಲೂರು ಸುತ್ತ ಹೊಲ ಉಳುವಾಗ, ಪಾಯ ತೆಗೆಯುವಾಗ ಇಂಥವು ಸಿಕ್ಕಿದರೆ ಮಾತ್ರ ದೋಷ ಹುಡುಕುತ್ತಾ ಕೂರಬೇಡಿ. ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಹುದುಗಿದ್ದು ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಮಾರುವ ಮುನ್ನ, ಇಡುವ ಮುನ್ನ

ಮೊಬೈಲಿನಲ್ಲಿ "ಈ ನಾಣ್ಯಕ್ಕೆ ಹತ್ತು ಲಕ್ಷ, ನೋಂದಣಿಗೆ ಎರಡು ಸಾವಿರ ಹಾಕಿ" ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಹಾಕಿಕೊಂಡು ಹೀಗೆ ವಸೂಲಿ ಮಾಡುವವರ ಬಗ್ಗೆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ: ತಾನು ಈ ವ್ಯವಹಾರದಲ್ಲಿಲ್ಲ, ಇದಕ್ಕಾಗಿ ಶುಲ್ಕವೋ ಕಮಿಷನ್ನೋ ಕೇಳುವುದಿಲ್ಲ ಎಂದು. ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು.

ನಿಜವಾದ ದೋಷವೆಂದು ಖಾತ್ರಿಯಾದರೆ ಇಡುವ ಬಗೆ ನೋಡಿ. ಮಲೆನಾಡ ಮಳೆಗಾಲದಲ್ಲಿ ಅಗ್ಗದ ಮೆತ್ತನೆಯ ಪಿವಿಸಿ ಚೀಲದಲ್ಲಿಟ್ಟ ತಾಮ್ರ-ನಿಕಲ್ ನಾಣ್ಯ ಹಸಿರು ಜಿಡ್ಡು ಬಿಡುತ್ತದೆ. ಆಗ ಏಟಿಗೆ ಮೊದಲಿನ ದೋಷಕ್ಕೆ ಏಟಿನ ನಂತರದ ಹಾನಿಯನ್ನು ನೀವೇ ಸೇರಿಸಿದಂತೆ. ನಾಣ್ಯದವರು ಮಾರುವ ರಟ್ಟಿನ ಚೌಕಟ್ಟು ತಂದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ತೂಕ, ಸಿಕ್ಕಿದ ಜಾಗ, ಸಿಕ್ಕಿದ ದಿನ ಬರೆಯಿರಿ. ಆಲೂರಿನ ಹುಡುಗನ ನಾಣ್ಯಕ್ಕೆ ನಾನೇ ಚೌಕಟ್ಟು ಹಾಕಿ ಕೊಟ್ಟೆ. ನನ್ನ ಆರುನೂರರ ಐವತ್ತು ಪೈಸೆಯೂ ಅಂಥದ್ದೇ ಚೌಕಟ್ಟಿನಲ್ಲಿ, ಯಂತ್ರಕ್ಕೆ ಬಿದ್ದ ರೂಪಾಯಿಯ ಪಕ್ಕ, ‘ಅರ’ ಎಂದು ಬರೆಸಿಕೊಂಡು ಕೂತಿದೆ.